ಕಾಗದದ ಗಾರೆ: ಮನೆಗೆಷ್ಟು, ಬುಟ್ಟಿಗೆಷ್ಟು?

"ರದ್ದಿ ಕಾಗದ ನೆನಸಿ, ಸಿಮೆಂಟ್ ಕಲಸಿ ಇಟ್ಟಂಗಿ ಮಾಡ್ತಾರಂತಲ್ರೀ, ಅದ್ರಾಗ ಮನಿ ಕಟ್ಟಬಹುದೇನ್ರೀ?" ಭಾನುವಾರದ ಪೂಜೆ ಮುಗಿದು ಅಂಗಳದಲ್ಲಿ ನಾಲ್ಕು ಜನ ನಿಂತಾಗ ಈ ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿದವರು ಕೆಲವರು. ಯಾರೋ ಹೇಳಿದ್ದನ್ನು ಕೇಳಿ ಬಂದವರು ಕೆಲವರು. ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರದ ಕಡೆ ಒಂದಿಷ್ಟು ಹೊಲವಿದೆ, ಹಳೆಯ ಮಣ್ಣಿನ ಮನೆಯಿದೆ. ಇಲ್ಲಿ ಗೋವಾದಲ್ಲಿ ತಗಡಿನ ಶೀಟಿನ ಕೆಳಗೆ ಸಂಸಾರ. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಮಕ್ಕಳು ಮಲಗುವುದು ಎಷ್ಟು ಕಷ್ಟ ಎಂಬುದನ್ನು ಅಲ್ಲಿ ಇದ್ದವರೇ ಬಲ್ಲರು. ಚಿರೆ ಕಲ್ಲು ತುಟ್ಟಿ, ಸಾಗಣೆ ತುಟ್ಟಿ, ಕೂಲಿ ತುಟ್ಟಿ. ಹೀಗಿರುವಾಗ ಕಾಗದದಲ್ಲಿ ಒಂದು ಕೋಣೆ ಏಳುತ್ತದೆ ಎಂದರೆ ಯಾರಿಗಾದರೂ ಆಸೆಯಾಗುವುದು ಸಹಜ. ಕೂಡಿಟ್ಟ ನಾಲ್ಕು ಕಾಸಿನ ಪ್ರಶ್ನೆ ಇದಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಗೋವಾದ ಮಳೆಗೆ ಮೈಯೊಡ್ಡುವ ಗೋಡೆಯನ್ನು ಕಾಗದದ ಇಟ್ಟಿಗೆಯಲ್ಲಿ ಕಟ್ಟಬೇಡಿ. ಸೂರಿನ ಒಳಗೆ, ನೀರು ತಾಗದ ಕಡೆ ಅದು ಒಳ್ಳೆಯ ವಸ್ತು. ಊರಿನಲ್ಲಿ, ಮಳೆ ಕಡಿಮೆಯಿರುವ ಕಡೆ, ಇನ್ನೂ ಸ್ವಲ್ಪ ಹೆಚ್ಚು ಉಪಯೋಗಕ್ಕೆ ಬಂದೀತು. ಇನ್ನು ಬುಟ್ಟಿ, ಹೂಕುಂಡ, ಗೋದಲಿಯ ಬೆಟ್ಟ ಇಂಥ ಕೈಕೆಲಸಕ್ಕಂತೂ ಇದಕ್ಕಿಂತ ಅಗ್ಗದ ಸಾಮಗ್ರಿ ಸಿಗಲಾರದು. ಯಾಕೆ ಹೀಗೆ ಎಂಬುದನ್ನು ಬಿಡಿಸಿ ಹೇಳುತ್ತೇವೆ.

ಪೇಪರ್‌ಕ್ರೀಟ್ ಎಂಬ ಹೆಸರು ಹೊಸದು, ಅದರ ಹಿಂದಿನ ಉಪಾಯ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಮಣ್ಣಿನ ಗೋಡೆ ಏಳಿಸುವಾಗ ಬರೀ ಮಣ್ಣು ಕಲಸುತ್ತಿರಲಿಲ್ಲ. ಹೊಟ್ಟು, ಕೊಚ್ಚಿದ ಹುಲ್ಲು ಸೇರಿಸಿ, ನೀರು ಬಿಟ್ಟು, ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು ಆಮೇಲೆ ಗೋಡೆಗೆ ಇಡುತ್ತಿದ್ದರು. ಮಣ್ಣು ಒಣಗುವಾಗ ಬಿರಿಯದಂತೆ ಆ ಹುಲ್ಲಿನ ನಾರು ಹಿಡಿದುಕೊಳ್ಳುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಬಣ್ಣದ ಗೊಂಬೆ, ದೇವರ ಮೂರ್ತಿ ಮಾಡುವಾಗ ಸೆಣಬಿನ ಚಿಂದಿಯನ್ನು ನೆನೆಸಿ, ತುಂಡರಿಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ ಅವರು ಕಿಟ್ಟ ಎನ್ನುತ್ತಾರೆ. ಅಲ್ಲಿ ನಾರು ಸೆಣಬಿನದು, ಅಂಟು ಹುಣಸೆಯದು. ನಮ್ಮ ಅಜ್ಜಿಯರ ರದ್ದಿ ಕಾಗದದ ಬುಟ್ಟಿಯಲ್ಲಿ ನಾರು ಕಾಗದದ್ದು, ಅಂಟು ಮೆಂತ್ಯದ್ದು. ಪೇಪರ್‌ಕ್ರೀಟಿನಲ್ಲಿ ನಾರು ಕಾಗದದ್ದೇ, ಅಂಟು ಮಾತ್ರ ಸಿಮೆಂಟಿನದು. ಕಾಗದವೆಂದರೆ ಮರದ, ಬಿದಿರಿನ ನಾರು ತಾನೆ? ನೀರಲ್ಲಿ ನೆನೆಸಿ ಕುಟ್ಟಿದರೆ ಆ ನಾರು ಮತ್ತೆ ಬಿಡಿಯಾಗುತ್ತದೆ, ಒಣಗುವಾಗ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ನಡುವೆ ಉಳಿದ ಸಂದಿಗಳಲ್ಲಿ ಗಾಳಿ ನಿಲ್ಲುತ್ತದೆ. ಈ ವಸ್ತುವಿನ ಗುಣವೂ ದೋಷವೂ ಎರಡೂ ಆ ಸಂದಿಗಳಲ್ಲೇ ಇವೆ.

ಕಾಗದ ಮತ್ತು ಸಿಮೆಂಟಿನ ಮಿಶ್ರಣಕ್ಕೆ ಅಮೆರಿಕದಲ್ಲಿ 1928ರಷ್ಟು ಹಿಂದೆಯೇ ಪೇಟೆಂಟ್ ಆಗಿತ್ತು. ಆಮೇಲೆ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯಾರು ಬೇಕಾದರೂ ಮನೆಯ ಹಿಂದೆ ಕಲಸಿಕೊಳ್ಳಬಹುದಾದ ವಸ್ತುವಿನಲ್ಲಿ ಕಂಪನಿಗಳಿಗೆ ಲಾಭವೇನು? 1980 ಮತ್ತು 1990ರ ದಶಕಗಳಲ್ಲಿ ಎರಿಕ್ ಪ್ಯಾಟರ್ಸನ್, ಮೈಕ್ ಮೆಕೇನ್ ಎಂಬಿಬ್ಬರು ಅದನ್ನು ಮತ್ತೆ ಬಳಕೆಗೆ ತಂದರು. ದೊಡ್ಡ ಡ್ರಮ್ಮಿನ ಕೆಳಗೆ ಹಳೆಯ ಗಾಡಿಯ ಭಾಗಗಳನ್ನು ಜೋಡಿಸಿ, ಕಾರಿನ ಹಿಂದೆ ಕಟ್ಟಿ ಎಳೆದರೆ ಒಳಗಿನ ಅಲಗು ತಿರುಗಿ ಕಾಗದ ಕಡೆಯುವಂಥ ಯಂತ್ರ ಮಾಡಿಕೊಂಡರು. ನಮ್ಮ ಮಜ್ಜಿಗೆ ಕಡೆಯುವ ಕಡಗೋಲಿನ ದೊಡ್ಡಣ್ಣ ಎಂದುಕೊಳ್ಳಿ. ಅಲ್ಲಿ ರೂಢಿಗೆ ಬಂದ ಒಂದು ಅಳತೆ ಹೀಗಿದೆ: ಸುಮಾರು 600 ಲೀಟರ್ ನೀರಿಗೆ 27 ಕಿಲೊ ಕಾಗದ, 43 ಕಿಲೊ ಸಿಮೆಂಟು, 30 ಕಿಲೊ ಮರಳು. ಗಮನಿಸಿ, ತೂಕ ಹಾಕಿದರೆ ಕಾಗದಕ್ಕಿಂತ ಸಿಮೆಂಟೇ ಜಾಸ್ತಿ. "ಬರೀ ಕಾಗದದ ಮನೆ, ಖರ್ಚೇ ಇಲ್ಲ" ಎನ್ನುವ ಮಾತು ಇಲ್ಲಿಗೇ ಸುಳ್ಳಾಯಿತು.

ಗುಣಗಳನ್ನು ಮುಚ್ಚಿಡುವುದಿಲ್ಲ. ಒಣಗಿದ ಮೇಲೆ ಒಂದೇ ಅಳತೆಯ ಸುಟ್ಟ ಇಟ್ಟಿಗೆಯ ತೂಕದಲ್ಲಿ ಅರ್ಧವೂ ಇರುವುದಿಲ್ಲ. ಮರ ಕೊಯ್ಯುವ ಗರಗಸದಿಂದಲೇ ಕೊಯ್ಯಬಹುದು, ಮೊಳೆ ಹೊಡೆಯಬಹುದು. ಬಿಸಿಲ ಕಾವನ್ನು ಚೆನ್ನಾಗಿ ತಡೆಯುತ್ತದೆ. ಪಕ್ಕದ ಕೋಣೆಯ ಸದ್ದನ್ನೂ ಕಡಿಮೆ ಮಾಡುತ್ತದೆ.

ಮಳೆಯ ಲೆಕ್ಕ

ಆದರೆ ಆ ಇಬ್ಬರ ಪ್ರಯೋಗ ಹೆಚ್ಚಾಗಿ ನಡೆದ ನಾಡು ಯಾವುದೆಂದು ಕೇಳಬೇಕು. ನ್ಯೂ ಮೆಕ್ಸಿಕೊ ಎಂಬ ಒಣ ಸೀಮೆ ಅದು. ಅಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ 350 ಮಿಲಿಮೀಟರಿನ ಆಸುಪಾಸು. ಪಣಜಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರಿನ ಹತ್ತಿರ. ಜುಲೈ ಒಂದೇ ತಿಂಗಳಲ್ಲಿ ಇಲ್ಲಿ ಸುರಿಯುವ ಮಳೆ ಅಲ್ಲಿನ ಎರಡು ವರ್ಷದ ಮಳೆಗಿಂತ ಹೆಚ್ಚು! ನಮ್ಮ ವಿಜಯಪುರ, ಗದಗಗಳ ಮಳೆ 600 ಮಿಲಿಮೀಟರಿನ ಸುತ್ತಮುತ್ತ. ಆ ಲೆಕ್ಕದಲ್ಲಿ ನಮ್ಮ ಊರು ಗೋವಾಕ್ಕಿಂತ ನ್ಯೂ ಮೆಕ್ಸಿಕೊಕ್ಕೇ ಹತ್ತಿರ. ವಿಡಿಯೊದಲ್ಲಿ ಕಾಣುವ ಮನೆ ಎಷ್ಟು ಚಂದ ಇದ್ದರೂ ಅದರ ಹಿಂದಿನ ಆಕಾಶ ಯಾವುದು ಎಂದು ನೋಡದೆ ನಂಬುವುದು ಸರಿಯಲ್ಲ.

ಕಾಗದದ ಇಟ್ಟಿಗೆ ನೀರು ಕುಡಿಯುತ್ತದೆ. ಒಳ್ಳೆಯ ಸುಟ್ಟ ಇಟ್ಟಿಗೆ ಒಂದು ದಿನ ನೀರಲ್ಲಿ ಮುಳುಗಿದ್ದರೂ ತನ್ನ ತೂಕದ ನೂರಕ್ಕೆ 20 ಭಾಗಕ್ಕಿಂತ ಹೆಚ್ಚು ನೀರು ಹೀರಬಾರದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಕಾಗದ ಹೆಚ್ಚಿರುವ ಪೇಪರ್‌ಕ್ರೀಟ್ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು, ಕೆಲವೊಮ್ಮೆ ತನ್ನ ತೂಕದಷ್ಟೇ ನೀರು ಎಳೆದುಕೊಳ್ಳಬಲ್ಲದು. ಯಾರ ಮಾತನ್ನೂ ನಂಬಬೇಕಾಗಿಲ್ಲ. ಒಂದು ಒಣ ತುಂಡನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಮತ್ತೆ ತೂಗಿ ನೋಡಿ. ಇಟ್ಟಿಗೆ ನೀರಲ್ಲಿ ಕರಗುವುದಿಲ್ಲ ನಿಜ, ಸಿಮೆಂಟು ಅದನ್ನು ಹಿಡಿದಿರುತ್ತದೆ. ಆದರೆ ಒದ್ದೆಯಾದ ಮೇಲೆ ಮೆತ್ತಗಾಗುತ್ತದೆ, ಹೊರುವ ಶಕ್ತಿ ಇಳಿಯುತ್ತದೆ. ಒಣಗಿದ್ದಾಗಲೂ ಅದರ ಶಕ್ತಿ ಅಷ್ಟಕ್ಕಷ್ಟೆ. ಭಾರ ಹೊರುವ ಸುಟ್ಟ ಇಟ್ಟಿಗೆಯ ಅತಿ ಕೆಳಗಿನ ದರ್ಜೆಗೂ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಶಕ್ತಿ ಇರಬೇಕು ಎಂದಿದ್ದರೆ, ಅಮೆರಿಕದ ಆ ಅಳತೆಯ ಪೇಪರ್‌ಕ್ರೀಟಿನದು 1 ನ್ಯೂಟನ್ನಿನ ಆಸುಪಾಸು. ಅದರ ಮೇಲೆ ಸ್ಲ್ಯಾಬು ಕೂರಿಸುವ ಮಾತೇ ಇಲ್ಲ. ಕಂಬಗಳು ಸೂರನ್ನು ಹೊತ್ತು ನಿಂತಿದ್ದರೆ ನಡುವಿನ ಖಾಲಿ ಜಾಗ ತುಂಬಲು ಮಾತ್ರ ಅದು ಸಾಕು.

ಇನ್ನೂ ಮುಖ್ಯವಾದದ್ದು ಆರೋಗ್ಯದ ಮಾತು. ಜೂನಿನಲ್ಲಿ ನೆನೆದ ಗೋಡೆ ಗೋವಾದಲ್ಲಿ ಸೆಪ್ಟೆಂಬರ್ ಕಳೆಯುವವರೆಗೆ ಒಣಗುವುದೇ ಇಲ್ಲ. ಆ ನಾಲ್ಕು ತಿಂಗಳು ಗಾಳಿಯಲ್ಲೇ ತೇವ. ಕಪಾಟಿನ ಚಪ್ಪಲಿಗೆ, ಮಡಿಸಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುವ ಈ ನಾಡಿನಲ್ಲಿ ಒದ್ದೆ ಕಾಗದದ ಗೋಡೆಗೆ ಹಿಡಿಯದೆ ಇದ್ದೀತೇ? ಗೋಡೆಯ ಮೇಲೆ ಕಪ್ಪು, ಹಸಿರು ಚುಕ್ಕೆ ಕಾಣುವ ಹೊತ್ತಿಗೆ ಅದರ ಬೀಜಕಣಗಳು ಕೋಣೆಯ ಗಾಳಿಯಲ್ಲಿ ತುಂಬಿರುತ್ತವೆ. ದಮ್ಮಿನ ತೊಂದರೆ ಇರುವವರಿಗೆ, ಎಳೆಯ ಮಕ್ಕಳಿಗೆ, ವಯಸ್ಸಾದವರಿಗೆ ಅದು ಕೆಮ್ಮು, ಉಬ್ಬಸ, ಮೂಗು ಸೋರುವುದನ್ನು ಹೆಚ್ಚಿಸುತ್ತದೆ. ಗೋಡೆಯಲ್ಲಿ ಉಳಿಸಿದ ದುಡ್ಡು ಔಷಧಿ ಅಂಗಡಿಗೆ ಹೋದರೆ ಏನು ಬಂತು?

ಗೋವಾದ ಹಳೆಯ ಮನೆಗಳನ್ನು ನೋಡಿದರೆ ಇಲ್ಲಿನವರು ಮಳೆಯನ್ನು ಎಷ್ಟು ಚೆನ್ನಾಗಿ ಅರಿತಿದ್ದರು ಎಂಬುದು ತಿಳಿಯುತ್ತದೆ. ಕೆಳಗೆ ಕಲ್ಲಿನ ಎತ್ತರದ ಪಾಯ, ಮೇಲೆ ಕೆಂಪು ಚಿರೆ ಕಲ್ಲಿನ ದಪ್ಪ ಗೋಡೆ, ಅದಕ್ಕೆ ಸುಣ್ಣದ ಗಾರೆ, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಹಂಚಿನ ಸೂರು. ಮಣ್ಣಿನ ಗೋಡೆ ಇರುವ ಬಡವರು ಮಳೆಗಾಲಕ್ಕೆ ಮುಂಚೆ ತೆಂಗಿನ ಗರಿ ಹೆಣೆದ ತಟ್ಟಿಗಳನ್ನು ಗೋಡೆಗೆ ಅಡ್ಡ ಕಟ್ಟುತ್ತಾರೆ. ಕೊಂಕಣಿಯಲ್ಲಿ ಮೊಲ್ಲಾಂ ಎನ್ನುವುದು ಇದನ್ನೇ. ಇದೇ ಗೋವಾದಲ್ಲಿ ದೀಪಾವಳಿಗೆ ಕಾಗದ, ಹುಲ್ಲು, ಮೈದಾ ಅಂಟಿನಿಂದ ಆಳೆತ್ತರವನ್ನೂ ಮೀರಿದ ನರಕಾಸುರನನ್ನು ಮಾಡುತ್ತಾರಲ್ಲ, ಅದನ್ನು ಒಂದು ರಾತ್ರಿ ಮೆರೆಸಿ ಬೆಳಗಾಗುವ ಮುಂಚೆ ಸುಟ್ಟುಬಿಡುತ್ತಾರೆ. ಕಾಗದವನ್ನು ಹೊರಗೆ ಎಷ್ಟು ಹೊತ್ತು ನಿಲ್ಲಿಸಬಹುದು ಎಂಬುದು ಆ ಹುಡುಗರಿಗೂ ಗೊತ್ತು!

ಬೆಂಕಿಯ ವಿಷಯವನ್ನೂ ಹೇಳಬೇಕು. ಸಿಮೆಂಟು ಸಾಕಷ್ಟಿರುವ ತುಂಡಿಗೆ ಕಡ್ಡಿ ಗೀರಿದರೆ ಭಗ್ಗೆಂದು ಉರಿಯುವುದಿಲ್ಲ. ಆದರೆ ಸಿಮೆಂಟು ಕಡಿಮೆಯಾದರೆ ಬೆರಣಿಯಂತೆ ಒಳಗೊಳಗೇ ಕನಲುತ್ತದೆ, ಹೊರಗೆ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿಯುತ್ತದೆ. ಒಲೆಯ ಹತ್ತಿರ, ಗ್ಯಾಸಿನ ಹಿಂದಿನ ಗೋಡೆಗೆ, ಕರೆಂಟಿನ ಮೀಟರ್ ಹಲಗೆಯ ಹಿಂದೆ ಇದನ್ನು ಬಳಸಲೇಬಾರದು.

ಹಾಗಾದರೆ ಎಲ್ಲಿ ಬಳಸಬಹುದು? ಗೋವಾದಲ್ಲಿ, ಗಟ್ಟಿ ಸೂರಿನ ಕೆಳಗೆ, ಹೊರಗೋಡೆಗೆ ತಾಗದಂತೆ, ಎರಡು ಕೋಣೆಗಳ ನಡುವಿನ ಅಡ್ಡಗೋಡೆಗೆ. ಕೆಳಗೆ ಎರಡು ವರಸೆ ಕಲ್ಲು ಇಲ್ಲವೆ ಸುಟ್ಟ ಇಟ್ಟಿಗೆ ಇಟ್ಟು, ಅದರ ಮೇಲೆ ಇದನ್ನು ಕೂರಿಸಬೇಕು. ನೆಲ ತೊಳೆದ ನೀರು, ಗೆದ್ದಲು ಎರಡೂ ಎಟುಕಬಾರದು. ಎರಡೂ ಕಡೆ ಸುಣ್ಣ ಬಳಿಯಬೇಕು. ಸುಣ್ಣ ಬೂಷ್ಟನ್ನು ತಡೆಯುತ್ತದೆ, ಗೋಡೆಗೆ ಉಸಿರಾಡಲು ಬಿಡುತ್ತದೆ. ಎಣ್ಣೆ ಬಣ್ಣ ಬೇಡ. ತಗಡಿನ ಕಾವಿಗೆ ಪರಿಹಾರವಾಗಿ, ಬಿದಿರು ಅಥವಾ ಅಡಿಕೆ ದಬ್ಬೆಯ ಚೌಕಟ್ಟಿನಲ್ಲಿ ತೆಳ್ಳಗೆ ಎರೆದ ಹಲಗೆಗಳನ್ನು ಶೀಟಿನ ಕೆಳಗೆ ಒಂದು ಗೇಣು ಬಿಟ್ಟು ಕಟ್ಟಬಹುದು. ಆದರೆ ಶೀಟು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ನೀರು ಕುಡಿದು ಭಾರವಾದ ಹಲಗೆ ಮಲಗಿದವರ ಮೇಲೆ ಬಿದ್ದರೆ ಗತಿಯೇನು? ನಿಮ್ಮದು ತಗಡಲ್ಲ, ಹಳೆಯ ಸಿಮೆಂಟ್ ಶೀಟಾಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದಕ್ಕೆ ತೂತು ಕೊರೆಯುವುದು, ಕೊಯ್ಯುವುದು, ಉಜ್ಜುವುದು ಬೇಡ. ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರನ್ನು, ಹೊಸ ಕೋಣೆಯಾದರೆ ಪಂಚಾಯತಿಯನ್ನು ಮೊದಲೇ ಕೇಳಬೇಕೆಂಬುದು ನಿಮಗೆ ಗೊತ್ತೇ ಇದೆ.

ಊರಿನಲ್ಲಿ ಕೋಣೆ ಏಳಿಸುವವರಿಗೆ ನಮ್ಮ ಸಲಹೆ ಬೇರೆ. ಕಾಗದ ಹುಡುಕುವುದಕ್ಕಿಂತ ಕಾಲ ಕೆಳಗಿನ ಮಣ್ಣನ್ನೇ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿದರು. ಅಂಥ ಇಟ್ಟಿಗೆಯ ಮನೆಗಳು ಕರ್ನಾಟಕದಲ್ಲಿ ದಶಕಗಳಿಂದ ನಿಂತಿವೆ. ಅದು ಭಾರ ಹೊರುತ್ತದೆ. ಕೆಂಪು ಮಣ್ಣು ಅದಕ್ಕೆ ಸರಿ. ಬರೀ ಎರೆಮಣ್ಣು ಬೇಡ, ಅದು ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಕಾಗದದ ಗಾರೆಯನ್ನು ಆ ಮನೆಯ ಒಳಗಿನ ಅಡ್ಡಗೋಡೆಗೆ, ಗೂಡು ಕಪಾಟುಗಳಿಗೆ ಇಟ್ಟುಕೊಳ್ಳಬಹುದು.

ಯಾವ ಕಾಗದ?

ಒಂದು ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಮಡಿಸಿಟ್ಟ ಒಣ ಪತ್ರಿಕೆಗಳನ್ನು ರದ್ದಿಯವನು ದುಡ್ಡು ಕೊಟ್ಟು ಒಯ್ಯುತ್ತಾನಾದರೆ ಕೊಟ್ಟುಬಿಡಿ. ಅದು ಕಾರ್ಖಾನೆಗೆ ಹೋಗಿ ಮತ್ತೆ ಕಾಗದವೋ ರಟ್ಟೋ ಆಗುತ್ತದೆ. ಒಂದು ನಾರು ಹೀಗೆ ಐದಾರು ಸಲ ತಿರುಗಿ ಬರಬಲ್ಲದು. ಸಿಮೆಂಟು ಬೆರೆತ ಕ್ಷಣಕ್ಕೆ ಆ ದಾರಿ ಮುಚ್ಚಿತು. ಮುಂದೆ ಅದು ಕಾಗದವೂ ಆಗದು, ತಿಪ್ಪೆಗೂ ಸಲ್ಲದು. ನಮ್ಮ ಕೈಕೆಲಸಕ್ಕೆ ಬೇಕಾದದ್ದು ರದ್ದಿಯವನು ಬೇಡವೆನ್ನುವ ಕಾಗದ: ಹರಿದದ್ದು, ನೆನೆದದ್ದು, ಶಾಲೆಯ ಹಳೆಯ ನೋಟುಬುಕ್ಕಿನ ಚೂರು, ಮೊಟ್ಟೆ ಇಡುವ ತಟ್ಟೆ, ಪೆಟ್ಟಿಗೆಯ ರಟ್ಟು. ಮೊಟ್ಟೆಯ ತಟ್ಟೆ ಬಹಳ ಬೇಗ ನೆನೆಯುತ್ತದೆ, ರಟ್ಟಿನ ನಾರು ಉದ್ದ. ಹೊಳೆಯುವ ವಾರಪತ್ರಿಕೆಯ ಹಾಳೆಯಲ್ಲಿ ಜೇಡಿಯೇ ಹೆಚ್ಚು, ನಾರು ಕಡಿಮೆ. ಪ್ಲಾಸ್ಟಿಕ್ ಮೆತ್ತಿದ ಹಾಲಿನ, ಜ್ಯೂಸಿನ ಡಬ್ಬಿಗಳು ಬೇಡವೇ ಬೇಡ.

ಬುಟ್ಟಿಯ ಕ್ರಮವನ್ನು ಹಿರಿಯ ತಾಯಂದಿರು ಬಲ್ಲರು, ಹೊಸಬರಿಗಾಗಿ ಬರೆಯುತ್ತೇವೆ. ಒಂದು ಕಿಲೊ ಒಣ ಕಾಗದವನ್ನು ಅಂಗೈಯಗಲ ಚೂರು ಮಾಡಿ ಮೂರು ನಾಲ್ಕು ದಿನ ನೆನೆಹಾಕಿ. ನೀರನ್ನು ದಿನವೂ ಚೆಲ್ಲಿ ಹೊಸ ನೀರು ಹಾಕಿ, ಮೇಲೆ ಬಟ್ಟೆ ಕಟ್ಟಿ. 100ರಿಂದ 150 ಗ್ರಾಂ ಮೆಂತ್ಯವನ್ನು ಹಿಂದಿನ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿಕೊಳ್ಳಿ. ಕಾಗದವನ್ನು ಹಿಂಡಿ, ಒರಳಿಗೆ ಹಾಕಿ, ಅಕ್ಷರ ಕಾಣದಷ್ಟು ಕುಟ್ಟಿ. ಮೆಂತ್ಯ ಸೇರಿಸಿ ಮತ್ತೆ ಕುಟ್ಟಿದರೆ ರೊಟ್ಟಿಯ ಹಿಟ್ಟಿನ ಹದಕ್ಕೆ ಬರುತ್ತದೆ. ಮಡಕೆಯನ್ನೋ ಬೋಗುಣಿಯನ್ನೋ ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹಾಸಿ, ತಳದಿಂದ ಆರಂಭಿಸಿ ಬೆರಳಿನಷ್ಟು ದಪ್ಪಕ್ಕೆ ತಟ್ಟುತ್ತ ಬನ್ನಿ. ನೀರು ಮುಟ್ಟಿದ ಅಂಗೈಯಿಂದ ಸವರಿ ನುಣುಪು ಮಾಡಿ. ಒಂದು ದಿನ ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ ಒಣಗಿಸಿ. ಅರ್ಧ ಒಣಗಿದಾಗ ಪಾತ್ರೆಯಿಂದ ಬಿಡಿಸಿ, ಒಳಭಾಗಕ್ಕೂ ಬಿಸಿಲು ತೋರಿಸಿ. ಕೆಮ್ಮಣ್ಣು, ಸುಣ್ಣ, ಬಣ್ಣದ ಬಟ್ಟೆಯ ಅಂಚು ಇವೆಲ್ಲ ನಿಮ್ಮ ಕೈಚಳಕಕ್ಕೆ ಬಿಟ್ಟದ್ದು. ಮೆಂತ್ಯದ ಕಹಿಗೆ ಹುಳ ಬೇಗ ಬರುವುದಿಲ್ಲ ಎನ್ನುತ್ತಾರೆ. ಹುಳದ ಕಾಟ ಹೆಚ್ಚಿದ್ದರೆ ಬಿಳಿಗಾರವನ್ನು, ಅಂದರೆ ಅಂಗಡಿಯಲ್ಲಿ ಬೋರಾಕ್ಸ್ ಎಂದು ಕೊಡುವ ಪುಡಿಯನ್ನು, ಎರಡು ಚಮಚ ಬಿಸಿನೀರಿಗೆ ಕರಗಿಸಿ ಸೇರಿಸಬಹುದು. ಅದು ಮಕ್ಕಳ ಬಾಯಿಗೆ ಹೋಗಬಾರದು. ಸಿಮೆಂಟು ಸೇರುವ ಮಿಶ್ರಣಕ್ಕೆ ಮಾತ್ರ ಅದನ್ನು ಹಾಕಬೇಡಿ, ಸಿಮೆಂಟು ಗಟ್ಟಿಯಾಗುವುದನ್ನು ಅದು ತಡೆಯುತ್ತದೆ.

ಈ ಬುಟ್ಟಿಯಲ್ಲಿ ಹಿಂದೆ ಕಾಳುಕಡಿ, ಹಿಟ್ಟು ಎಲ್ಲ ಇಡುತ್ತಿದ್ದರು. ಇಂದು ನಾವು ಹಾಗೆ ಹೇಳಲಾರೆವು. ಅಚ್ಚಿನ ಶಾಯಿ ಹೊಟ್ಟೆಗೆ ಹೋಗಬಾರದೆಂದು, ಪತ್ರಿಕೆಯ ಹಾಳೆಯಲ್ಲಿ ತಿನಿಸು ಕಟ್ಟಬಾರದೆಂದು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಬುಟ್ಟಿಯಲ್ಲಿ ಬೆಳ್ಳುಳ್ಳಿ, ಸಿಪ್ಪೆಯಿರುವ ಶೇಂಗಾ, ಹೊಲಿಗೆ ಸಾಮಾನು, ಬಟ್ಟೆ ಇಡಿ. ರೊಟ್ಟಿ ಇಡುವುದಾದರೆ ಒಳಗೆ ದಪ್ಪ ಬಿಳಿ ಬಟ್ಟೆ ಹಾಸಿ, ಆರಿದ ಮೇಲೆ ಇಡಿ. ಕರಿದ ಪದಾರ್ಥ, ಹಿಟ್ಟು ಬೇಡ.

ಸಿಮೆಂಟು ಕಲಸುವಾಗ

ಕೈಕೆಲಸಕ್ಕೆ ಹಿಂಡಿದ ಕಾಗದದ ಮುದ್ದೆ ಮೂರು ಪಾಲು, ಸಿಮೆಂಟು ಒಂದು ಪಾಲು, ಜರಡಿ ಹಿಡಿದ ಮರಳು ಒಂದು ಪಾಲು, ಈ ಅಳತೆ ಸಾಕು. ಬಟ್ಟಲಲ್ಲಿ ಅಳೆದರೂ ಆಯಿತು, ಬಕೆಟ್ಟಿನಲ್ಲಿ ಅಳೆದರೂ ಆಯಿತು. ಮರಳು ಹೊಳೆಯದ್ದಾಗಿರಲಿ, ಸಮುದ್ರದ ಮರಳಿನ ಉಪ್ಪು ತೇವವನ್ನು ಎಳೆಯುತ್ತದೆ, ಒಳಗಿನ ತಂತಿಗೆ ತುಕ್ಕು ಹಿಡಿಸುತ್ತದೆ. ಮುದ್ದೆಯನ್ನು ಮೊದಲು ಪೂರ್ತಿ ಕುಟ್ಟಿ ಮುಗಿಸಿ, ಕೊನೆಗೆ ಸಿಮೆಂಟು ಸೇರಿಸಿ. ಅಡುಗೆಯ ಮಿಕ್ಸರನ್ನು ಇದಕ್ಕೆ ಬಳಸಬೇಡಿ. ಅಚ್ಚನ್ನು ಬೇಕಾದ ಅಳತೆಗಿಂತ ಸ್ವಲ್ಪ ದೊಡ್ಡದು ಮಾಡಿ, ಒಣಗುವಾಗ ಇದು ಚೆನ್ನಾಗಿಯೇ ಕುಗ್ಗುತ್ತದೆ. ಎರೆದ ಮೇಲೆ ಎರಡು ಮೂರು ದಿನ ಒದ್ದೆ ಗೋಣಿ ಹೊದಿಸಿ ನೆರಳಲ್ಲಿಡಿ, ಆಮೇಲೆ ನಿಧಾನವಾಗಿ ಒಣಗಲಿ. ದಪ್ಪ ತುಂಡು ಒಳಗಿನವರೆಗೆ ಒಣಗಲು ವಾರಗಳೇ ಬೇಕು. ಗೋವಾದಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್ ಸರಿಯಾದ ಕಾಲ. ಮೇ ಕೊನೆಗೆ ಎರೆದದ್ದು ಮಳೆಗಾಲವಿಡೀ ಹಸಿಯಾಗಿಯೇ ಉಳಿಯುತ್ತದೆ.

ನಮ್ಮಲ್ಲಿ ಅನೇಕರು ಸೆಂಟ್ರಿಂಗ್, ಗಾರೆ ಕೆಲಸ ಮಾಡಿದವರು. ಸಿಮೆಂಟು ತಿಂದ ಕೈಕಾಲು ಹೇಗಿರುತ್ತದೆ ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆದರೆ ಬುಟ್ಟಿ ತಟ್ಟಿ ರೂಢಿಯಿರುವ ಹೆಣ್ಣುಮಕ್ಕಳು, ಸೊಗಸು ನೋಡಿ ಕೈಹಾಕುವ ಮಕ್ಕಳು ಸಿಮೆಂಟಿನ ಮುದ್ದೆಯನ್ನೂ ಅದೇ ಬರಿಗೈಯಿಂದ ತಟ್ಟುತ್ತಾರೆ, ನಮಗೆ ಹೆಚ್ಚು ಆತಂಕವಿರುವುದು ಅಲ್ಲೇ. ಹಸಿ ಸಿಮೆಂಟು ಕಟು ಕ್ಷಾರ. ಮುಟ್ಟಿದ ಕೂಡಲೆ ನೋವು ಗೊತ್ತಾಗುವುದಿಲ್ಲ. ಗಂಟೆಗಳು ಕಳೆದ ಮೇಲೆ ಉರಿ, ಹುಣ್ಣು ಕಾಣಿಸುತ್ತದೆ. ಅದರಲ್ಲಿರುವ ಕ್ರೋಮಿಯಂನಿಂದ ಕೆಲವರಿಗೆ ಜೀವನವಿಡೀ ಕಾಡುವ ಕಜ್ಜಿಯಂಥ ಅಲರ್ಜಿ ಅಂಟಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಾಕು ಎನ್ನುವುದನ್ನು ನಂಬಬೇಡಿ. ಉದ್ದ ರಬ್ಬರಿನ ಕೈಚೀಲ ಹಾಕಿಕೊಳ್ಳಿ, ಬರಿಗಾಲಿನಲ್ಲಿ ತುಳಿಯಬೇಡಿ. ಒಣ ಸಿಮೆಂಟು ಸುರಿಯುವಾಗ, ಒಣಗಿದ ತುಂಡನ್ನು ಗರಗಸದಿಂದ ಕೊಯ್ಯುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಬಟ್ಟೆಗೆ ಸಿಮೆಂಟು ಮೆತ್ತಿದರೆ ಅದೇ ಬಟ್ಟೆಯಲ್ಲಿ ದಿನ ಕಳೆಯಬೇಡಿ, ಕಳಚಿ ಮೈ ತೊಳೆದುಕೊಳ್ಳಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಇಪ್ಪತ್ತು ನಿಮಿಷ ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಾಗದ ನೆನೆಹಾಕಿದ ಡ್ರಮ್ಮಿನ ಮೇಲೂ ಕಣ್ಣಿರಲಿ. 1986ರಿಂದ ಪಣಜಿಯಲ್ಲಿ ಮಲೇರಿಯಾ ಹಬ್ಬಿದಾಗ, ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರು ಸೊಳ್ಳೆ ಹುಟ್ಟಲು ದೊಡ್ಡ ಕಾರಣವೆಂದು ಕಂಡುಬಂತು. ಹೊರಗಿನಿಂದ ಬಂದ ಕೂಲಿಕಾರರು ರಕ್ತ ಪರೀಕ್ಷೆ ಮಾಡಿಸಿ ಆರೋಗ್ಯ ಚೀಟಿ ಇಟ್ಟುಕೊಳ್ಳಬೇಕೆಂಬ ನಿಯಮ ಬಂದದ್ದೂ ಆ ಜ್ವರದ ಭಯದಿಂದಲೇ. ಮಲೇರಿಯಾ ಈಗ ಬಹಳ ಇಳಿದಿದೆ, ಡೆಂಗೆ ಇಳಿದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಆದ್ದರಿಂದ ನೆನೆಹಾಕಿದ ನೀರನ್ನು ಎರಡು ದಿನಕ್ಕೊಮ್ಮೆಯಾದರೂ ಚೆಲ್ಲಿ. ಸಿಮೆಂಟು ತಾಗದ ಆ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದು. ಪಾತ್ರೆ ತೊಳೆದ ಸಿಮೆಂಟಿನ ನೀರನ್ನು ಮಾತ್ರ ಬಾವಿಯ ಹತ್ತಿರ, ತರಕಾರಿ ಮಡಿಗೆ ಬಿಡಬೇಡಿ.

ಹೂಕುಂಡ ಮಾಡುವವರು ಪ್ಲಾಸ್ಟಿಕ್ ಬಕೆಟ್ಟಿನ ಒಳಮೈಗೆ ಎಣ್ಣೆ ಸವರಿ, ಎರಡು ಬೆರಳು ದಪ್ಪಕ್ಕೆ ಮುದ್ದೆ ಮೆತ್ತಿ, ತಳದಲ್ಲಿ ಕೋಲಿನಿಂದ ತೂತು ಬಿಡಬೇಕು. ಗಟ್ಟಿಯಾದ ಕೂಡಲೆ ಮಣ್ಣು ತುಂಬಿ ಗಿಡ ನೆಟ್ಟರೆ ಎಲೆ ಹಳದಿ ತಿರುಗುತ್ತದೆ, ಕ್ಷಾರ ಬೇರಿಗೆ ತಾಗುತ್ತದೆ. ಕುಂಡವನ್ನು ಎರಡು ವಾರ ನೀರಲ್ಲಿ ಮುಳುಗಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಆಮೇಲೆ ನೆಡಿ. ಈ ಕುಂಡ ನೀರು ಹಿಡಿದಿಟ್ಟುಕೊಳ್ಳುವುದರಿಂದ ಬೇಸಿಗೆಯಲ್ಲಿ ಪುದೀನ, ದೊಡ್ಡಪತ್ರೆಗೆ ಒಳ್ಳೆಯದು. ಮಳೆಗಾಲಕ್ಕೆ ಪಡಸಾಲೆಯ ಒಳಗೆ ಎತ್ತಿಡಬೇಕು. ಕೋಳಿ ಮೊಟ್ಟೆಯಿಡುವ ಗೂಡಿಗೂ ಇದು ಸರಿ. ಹಗುರ, ಬೆಚ್ಚಗೆ, ಒಳಗೆ ಸುಣ್ಣ ಬಳಿದರೆ ಹೇನಿನ ಕಾಟವೂ ಕಡಿಮೆ. ಬರೀ ಕಾಗದದ ಪುಟ್ಟ ಲೋಟಗಳಲ್ಲಿ, ಸಿಮೆಂಟಿಲ್ಲದೆ, ಬದನೆ, ಮೆಣಸಿನ ಸಸಿ ಎಬ್ಬಿಸಿ ಲೋಟ ಸಮೇತ ನೆಟ್ಟರೆ ಬೇರಿಗೆ ಪೆಟ್ಟಾಗುವುದಿಲ್ಲ, ಕಾಗದ ಮಣ್ಣಿನಲ್ಲಿ ಕರಗಿಹೋಗುತ್ತದೆ.

ಗೋದಲಿಗೆ ಪ್ರತಿ ವರ್ಷ ಕಂದು ಕಾಗದ ಮುದುಡಿ ಬೆಟ್ಟ ಮಾಡಿ, ಹಬ್ಬ ಮುಗಿದ ಮೇಲೆ ಹರಿದು ಎಸೆಯುತ್ತೇವಲ್ಲ. ಈ ಮುದ್ದೆಯಲ್ಲಿ ಒಮ್ಮೆ ಬೆಟ್ಟ, ಗವಿ, ಬಾವಿಕಟ್ಟೆ ಎರೆದಿಟ್ಟುಕೊಂಡರೆ ಬಹಳ ವರ್ಷ ಬರುತ್ತದೆ. ಕೋಳಿಬಲೆಯ ತಂತಿಯನ್ನು ಬೇಕಾದಂತೆ ಬಾಗಿಸಿ, ಮೇಲೆ ಒಂದು ಬೆರಳು ದಪ್ಪ ಮೆತ್ತಿದರೆ ಎತ್ತಲು ಹಗುರ. ಡಿಸೆಂಬರಿಗೆ ಕಾಯಬೇಡಿ; ಒಣಗಲು ಸಮಯ ಬೇಕಾದ್ದರಿಂದ ಅಕ್ಟೋಬರಿನಲ್ಲಿ ಮಳೆ ನಿಂತ ಕೂಡಲೆ ಕಾಗದ ನೆನೆಹಾಕಿ. ಸಿಮೆಂಟಿನ ಕೆಲಸ ದೊಡ್ಡವರು ಮಾಡಲಿ, ಬಣ್ಣ ಹಚ್ಚುವುದನ್ನು ಮಕ್ಕಳಿಗೆ ಬಿಡಿ. ಬಲ್ಬಿನ ಸರವನ್ನು ಬೆಟ್ಟಕ್ಕೆ ತಾಗಿಸದೆ ಕಟ್ಟಿ. ಮೂರು ರಾಯರ ಹಬ್ಬ ಕಳೆದ ಮೇಲೆ ಒಂದು ದಿನ ಬಿಸಿಲಿಗಿಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಅಟ್ಟದಲ್ಲಿ ಸೂರು ಸೋರುವ ಮೂಲೆ ಯಾವುದೆಂದು ಮೊದಲೇ ನೋಡಿಕೊಳ್ಳಿ.